ಚಕ್ಕೆಯ ಕಾವು ಎಷ್ಟು ದೂರ ಹೋದೀತು?

ಆಸ್ಟ್ರಿಯಾದ ಹಳ್ಳಿಗಾಡಿನ ಎಷ್ಟೋ ಮನೆಗಳಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಸೌದೆ ಉರಿಯುತ್ತಲೇ ಇರುತ್ತದೆ. ಆದರೆ ಒಳಗೆ ಕೂತವರಿಗೆ ಹೊಗೆಯ ವಾಸನೆ ಬಡಿಯುವುದಿಲ್ಲ. ಊದುಗೊಳವೆ ಹಿಡಿದು ಕಣ್ಣು ಕೆಂಪು ಮಾಡಿಕೊಳ್ಳುವ ಪ್ರಮೇಯವೂ ಇಲ್ಲ. ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಬೆರಳುಗಾತ್ರದ ಮರದ ಚಕ್ಕೆಗಳ ರಾಶಿ ಇರುತ್ತದೆ. ರಾಶಿಯ ತಳದಲ್ಲಿ ನಿಧಾನವಾಗಿ ಸುತ್ತುವ ಕಬ್ಬಿಣದ ತೋಳು ಚಕ್ಕೆಯನ್ನು ಕೆದಕಿ ಕೊಳವೆಯೊಳಗಿನ ತಿರುಪಿಗೆ ದೂಡುತ್ತದೆ. ತಿರುಪು ಅದನ್ನು ಪಕ್ಕದ ಬಾಯ್ಲರಿಗೆ ಒಯ್ಯುತ್ತದೆ. ಅಲ್ಲಿ ಕಾದ ನೀರು ಗೋಡೆಯ ರೇಡಿಯೇಟರುಗಳಲ್ಲೋ ನೆಲದಡಿಯ ಕೊಳವೆಗಳಲ್ಲೋ ಹರಿದು ಮನೆ ಬೆಚ್ಚಗಾಗುತ್ತದೆ. ಮನೆಯವರಿಗೆ ಉಳಿಯುವ ಕೆಲಸವೆಂದರೆ ಆಗಾಗ ಬೂದಿಯ ಡಬ್ಬಿ ಖಾಲಿ ಮಾಡುವುದು.

ನಮ್ಮಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನವೇ ಸೌದೆ ಒಲೆ ಹಿತ್ತಲಿಗೆ ಹೋಯಿತು; ಸೌದೆ ಉರಿಸುವುದೆಂದರೆ ಅನುಕೂಲವಿಲ್ಲದವರ ಪಾಡು ಎಂಬ ಭಾವನೆ ಉಳಿಯಿತು. ಕೈತುಂಬ ಕಾಸಿರುವ ದೇಶವೊಂದು ಬೇಕೆಂದೇ ಸೌದೆಗೆ ಮರಳಿದ್ದು ಏಕೆ ಎಂದು ಕೇಳಿದರೆ ಉತ್ತರ ಅರ್ಧ ಭೂಗೋಳದಲ್ಲಿದೆ, ಅರ್ಧ ರಾಜಕೀಯದಲ್ಲಿದೆ. ಆಸ್ಟ್ರಿಯಾದ ನೆಲದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಕಾಡು. ಅದರಲ್ಲಿ ದೊಡ್ಡ ಪಾಲು ಸಣ್ಣ ರೈತರ ಸ್ವಂತದ್ದು. ನಮ್ಮ ಮಲೆನಾಡಿನ ತೋಟಕ್ಕೆ ಸೊಪ್ಪಿನ ಬೆಟ್ಟ ಇದ್ದ ಹಾಗೆ ಅಲ್ಲಿನ ಹೊಲಕ್ಕೊಂದು ಕಾಡಿನ ತುಂಡು. ಪಶ್ಚಿಮ ಯುರೋಪಿನಲ್ಲಿ ಸೋವಿಯತ್ ಒಕ್ಕೂಟದ ಅನಿಲಕ್ಕೆ ಮೊದಲು ಸಹಿ ಹಾಕಿದ ದೇಶವೂ ಇದೇ, 1968ರಲ್ಲಿ. 1973ರಲ್ಲಿ ತೈಲದ ಬೆಲೆ ಗಗನಕ್ಕೇರಿತು. ಟ್ಸ್ವೆಂಟೆನ್‌ಡಾರ್ಫ್‌ನಲ್ಲಿ ಕಟ್ಟಿ ಮುಗಿಸಿದ್ದ ಅಣುಸ್ಥಾವರವನ್ನು ಚಾಲೂ ಮಾಡಬೇಕೇ ಬೇಡವೇ ಎಂದು 1978ರ ನವೆಂಬರಿನಲ್ಲಿ ಜನಮತ ಕೇಳಿದಾಗ ಕೂದಲೆಳೆಯ ಅಂತರದಲ್ಲಿ ‘ಬೇಡ’ ಗೆದ್ದಿತು. ತೈಲ ದುಬಾರಿ, ಅಣುವಿದ್ಯುತ್ ಬೇಡ, ಅನಿಲದ ನಲ್ಲಿ ಮಾಸ್ಕೋದಲ್ಲಿ. ಹಿತ್ತಿಲಲ್ಲಿ ಮಾತ್ರ ಕಾಡು. (ಆ ನಲ್ಲಿ 2024ರ ನವೆಂಬರಿನಲ್ಲಿ ನಿಜಕ್ಕೂ ಬಂದ್ ಆಯಿತು.)

ಕಾಡು ಇದ್ದ ಮಾತ್ರಕ್ಕೆ ದಿಮ್ಮಿಯನ್ನು ತಂದು ಉರಿಸುವುದಿಲ್ಲ. ನೇರವಾದ ದಪ್ಪ ಕಾಂಡಕ್ಕೆ ಸಾಮಿಲ್ಲಿನಲ್ಲಿ ಒಳ್ಳೆಯ ಬೆಲೆ ಸಿಗುತ್ತದೆ. ಉಳಿಯುವುದು ಸೊಟ್ಟ ಕೊಂಬೆ, ತುದಿ, ಒತ್ತಾಗಿ ಬೆಳೆದದ್ದನ್ನು ತೆಳುಗೊಳಿಸುವಾಗ ಕಡಿದ ಎಳೆಯ ಮರ, ತೊಗಟೆ ಹುಳು ಹೊಕ್ಕು ಒಣಗಿದ ಸ್ಪ್ರೂಸ್. 2018ರ ಆಸುಪಾಸಿನ ಬಿಸಿ ಬೇಸಿಗೆಗಳಲ್ಲಿ ಉತ್ತರದ ವಾಲ್ಡ್‌ಫಿಯರ್ಟೆಲ್ ಸೀಮೆಯ ಸ್ಪ್ರೂಸ್ ಕಾಡುಗಳನ್ನು ಈ ಹುಳು ನೆಲಸಮ ಮಾಡಿತ್ತು. ಇಂಥ ಮರವನ್ನು ಏನು ಮಾಡುವುದು? ಕೊಡಲಿಯಲ್ಲಿ ಸೀಳಿ ಪೇರಿಸುತ್ತ ಕೂತರೆ ಕೂಲಿಯೂ ಗಿಟ್ಟದು. ಬಾಡಿಗೆಗೆ ಬರುವ ಚಿಪ್ಪರ್ ಯಂತ್ರದ ಬಾಯಿಗೆ ಕೊಂಬೆ ಸಮೇತ ತುರುಕಿದರೆ ಅರ್ಧ ದಿನದಲ್ಲಿ ಒಂದು ಚಳಿಗಾಲಕ್ಕಾಗುವಷ್ಟು ಚಕ್ಕೆ ಟ್ರೇಲರಿಗೆ ಬಿದ್ದಿರುತ್ತದೆ. ಚಕ್ಕೆಯ ದೊಡ್ಡ ಗುಣ ಅದು ಹರಿಯುವುದು. ದಿಮ್ಮಿಯನ್ನು ಮನುಷ್ಯನೇ ಎತ್ತಿ ಒಲೆಗೆ ಇಡಬೇಕು. ಚಕ್ಕೆಯನ್ನು ತಿರುಪು ಒಯ್ಯುತ್ತದೆ, ಎಷ್ಟು ಬೇಕೋ ಅಷ್ಟೇ, ರಾತ್ರಿ ಎರಡು ಗಂಟೆಗೂ.

ಅದರ ದೊಡ್ಡ ದೋಷ ನೀರು. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ. ಅಂಥ ಹಸಿ ಚಕ್ಕೆ ಒಂದು ಕೆ.ಜಿ. ಉರಿಸಿದರೆ ಸಿಗುವ ಕಾವು ಸುಮಾರು 2.2 ಯೂನಿಟ್ (ಕಿಲೊವಾಟ್ ಗಂಟೆ). ಅದೇ ಮರ ಶೇ 30 ತೇವಕ್ಕೆ ಇಳಿದಾಗ ಕೆ.ಜಿ.ಗೆ ಸುಮಾರು 3.4 ಯೂನಿಟ್, ಶೇ 20ಕ್ಕೆ ಇಳಿದಾಗ 4. ಹಸಿ ಸೌದೆಯಲ್ಲಿ ಉರಿಯುವ ಭಾಗವೇ ಕಡಿಮೆ. ಆ ಕಡಿಮೆ ಭಾಗವೂ ನೀರನ್ನು ಆವಿ ಮಾಡಲು ಒಂದಿಷ್ಟು ಕಾವನ್ನು ಚಿಮಣಿಗೆ ಕಳೆದುಕೊಳ್ಳುತ್ತದೆ. ಉರಿ ತಣ್ಣಗಾದರೆ ಹೊಗೆ, ಟಾರು, ಮಸಿ. ಮಳೆಗಾಲದ ಬಚ್ಚಲೊಲೆಯ ಮುಂದೆ ಕೂತು ಹಂಡೆ ಕಾಯಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಒಣಗಿಸುವುದಕ್ಕೂ ಒಂದು ಕ್ರಮವಿದೆ. ಹಸಿ ಮರವನ್ನು ಚಕ್ಕೆ ಮಾಡಿ ರಾಶಿ ಹಾಕಿದರೆ ಅದು ಒಣಗುವುದಿಲ್ಲ, ತಿಪ್ಪೆಯ ಹಾಗೆ ಬಿಸಿಯಾಗುತ್ತದೆ. ಬೂಷ್ಟು ಮತ್ತು ಬ್ಯಾಕ್ಟೀರಿಯಾ ಮರವನ್ನು ತಿನ್ನತೊಡಗಿ, ರಾಶಿಯ ಹೊಟ್ಟೆಯಲ್ಲಿ ಶಾಖ 60 ಡಿಗ್ರಿ ಮುಟ್ಟುತ್ತದೆ. ತಿಂಗಳು ತಿಂಗಳೂ ಮರದ ಸಾರ ಒಂದಿಷ್ಟು ಗಾಳಿಗೆ ಹೋಗುತ್ತದೆ. ತೀರಾ ದೊಡ್ಡ ರಾಶಿಗಳು ತಾವಾಗಿಯೇ ಹೊತ್ತಿಕೊಂಡದ್ದೂ ಉಂಟು. ಬೂಷ್ಟಿನ ಬೀಜಕಣಗಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಶ್ವಾಸಕೋಶದ ಅಲರ್ಜಿ ಬರುತ್ತದೆ. ಆದ್ದರಿಂದ ತಿಳಿದ ರೈತ ಚಳಿಗಾಲದಲ್ಲಿ ಕಡಿದ ಮರವನ್ನು ಕಾಡಿನಂಚಿನಲ್ಲಿ, ಬಿಸಿಲು ಗಾಳಿ ಬೀಳುವ ಕಡೆ, ಇಡಿಯಾಗಿಯೇ ಪೇರಿಸಿಡುತ್ತಾನೆ. ಒಂದು ಬೇಸಿಗೆ ಕಳೆದು ತೇವ ಶೇ 30ರ ಹತ್ತಿರ ಬಂದಮೇಲೆಯೇ ಚಿಪ್ಪರ್ ಕರೆಸುತ್ತಾನೆ. ಚಕ್ಕೆ ನೇರ ಸೂರಿನಡಿಗೆ ಹೋಗುತ್ತದೆ. ಕೆಲವರು ಹುಲ್ಲು ಒಣಗಿಸಲು ಮಾಡಿಕೊಂಡ ಬಿಸಿಗಾಳಿಯ ವ್ಯವಸ್ಥೆಯನ್ನೇ ಚಕ್ಕೆಗೂ ಬಳಸುತ್ತಾರೆ.

ಒಣಗಿದ ಮೇಲೂ ಚಕ್ಕೆ ಜಾಗ ತಿನ್ನುತ್ತದೆ. ನೂರೈವತ್ತು ಚದರ ಮೀಟರಿನ ಹಳೆಯ ಮನೆಯೊಂದಕ್ಕೆ ವರ್ಷಕ್ಕೆ ಸುಮಾರು 20,000 ಯೂನಿಟ್ ಕಾವು ಬೇಕೆಂದು ಇಟ್ಟುಕೊಳ್ಳೋಣ. ತೈಲವಾದರೆ 2,000 ಲೀಟರ್. ನೆಲಮಾಳಿಗೆಯ ಮೂಲೆಯ ಟ್ಯಾಂಕು ಸಾಕು. ಸ್ಪ್ರೂಸ್ ಚಕ್ಕೆಯಾದರೆ ಹತ್ತಿರಹತ್ತಿರ ಆರು ಟನ್. ಹಗುರವಾಗಿ ಉದುರಿಬಿದ್ದ ಚಕ್ಕೆಯ ನಡುವೆ ಗಾಳಿಯೇ ಹೆಚ್ಚಾದ್ದರಿಂದ ಅಷ್ಟಕ್ಕೆ 27 ಘನ ಮೀಟರ್ ಜಾಗ ಬೇಕು. ತೈಲಕ್ಕೆ ಹೋಲಿಸಿದರೆ ಹದಿಮೂರು ಪಟ್ಟು. ಲಾರಿಗೆ ತುಂಬಿ ದೂರ ಸಾಗಿಸಿದರೆ ನೀರನ್ನೂ ಗಾಳಿಯನ್ನೂ ಡೀಸೆಲ್ ಸುಟ್ಟು ಹೊತ್ತ ಹಾಗೆ. ನೂರು ಕಿಲೊಮೀಟರ್ ದಾಟಿತೆಂದರೆ ಸಾಮಾನ್ಯವಾಗಿ ಲೆಕ್ಕ ಕೈಕೊಡುತ್ತದೆ. ಈ ಇಂಧನದ ಬಗ್ಗೆ ಹೇಳಬೇಕಾದ ಮುಖ್ಯ ಮಾತು ಇದೇ ಎಂದು ನನ್ನ ಎಣಿಕೆ: ಚಕ್ಕೆ ಹುಟ್ಟಿದೂರಿನ ಇಂಧನ. ಅದರ ಗೆಲುವುಗಳಲ್ಲಿ ಹೆಚ್ಚಿನವು ಹತ್ತಿರದಲ್ಲಿ ಆಗಿವೆ, ಸೋಲುಗಳಲ್ಲಿ ಕೆಲವು ಈ ಅಂತರವನ್ನು ಮರೆತಾಗ ಆಗಿವೆ.

ಬಾಯ್ಲರಿನ ಒಳಗೆ ನಡೆಯುವುದನ್ನು ನೋಡಿದರೆ, ಸೌದೆ ಒಲೆಗೂ ಇದಕ್ಕೂ ಇರುವ ವ್ಯತ್ಯಾಸ ಗಾಳಿಯ ಲೆಕ್ಕಾಚಾರದ್ದು. ಮರ ಬಿಸಿಯಾದಾಗ ಮೊದಲು ನೀರು ಹೋಗುತ್ತದೆ, ಆಮೇಲೆ ಉರಿಯಬಲ್ಲ ಅನಿಲಗಳು ಹೊರಬೀಳುತ್ತವೆ, ಕೊನೆಗೆ ಇದ್ದಿಲು ಉಳಿಯುತ್ತದೆ. ಮರದ ಕಾವಿನ ಹೆಚ್ಚಿನ ಪಾಲು ಇರುವುದು ಆ ಅನಿಲದಲ್ಲಿ. ಮಾಮೂಲಿ ಒಲೆಯಲ್ಲಿ ಅದು ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತದೆ. ಚಕ್ಕೆಯ ಬಾಯ್ಲರಿನಲ್ಲಿ ಕೆಳಗಿನಿಂದ ಸ್ವಲ್ಪ ಗಾಳಿ ಕೊಟ್ಟು ಅನಿಲ ಹೊರಡಿಸುತ್ತಾರೆ, ಮೇಲೆ ಬಿಸಿ ಇಟ್ಟಿಗೆಯ ಗೂಡಿನಲ್ಲಿ ಇನ್ನಷ್ಟು ಗಾಳಿ ಬೆರೆಸಿ ಅದನ್ನು ಪೂರ್ತಿ ಉರಿಸುತ್ತಾರೆ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಕಾರಿನ ಎಂಜಿನ್‌ನಲ್ಲಿರುವಂಥದ್ದೇ ಸೆನ್ಸರ್ ಅಳೆದು ಫ್ಯಾನನ್ನೂ ತಿರುಪನ್ನೂ ನಿಯಂತ್ರಿಸುತ್ತದೆ. 1980ರ ಸುಮಾರಿಗೆ ಸೌದೆಯ ಕಾವಿನಲ್ಲಿ ಅರ್ಧದಷ್ಟು ಚಿಮಣಿಯಲ್ಲಿ ಹೋಗುತ್ತಿದ್ದ ಕಡೆ ಇಂದಿನ ಒಳ್ಳೆಯ ಬಾಯ್ಲರುಗಳು ಶೇ 90ಕ್ಕೂ ಹೆಚ್ಚನ್ನು ನೀರಿಗೆ ದಾಟಿಸುತ್ತವೆ. ತೊಗಟೆ ಸೇರದ ಮರವಾದರೆ ಬೂದಿ ನೂರಕ್ಕೆ ಒಂದು ಪಾಲಿಗಿಂತ ಹೆಚ್ಚಿರುವುದಿಲ್ಲ.

ತಾಪತ್ರಯಗಳಿಲ್ಲವೆಂದಲ್ಲ. ನಡುವೆ ಒಂದು ಉದ್ದನೆಯ ಸಿಬಿರು ಸಿಕ್ಕಿಕೊಂಡರೆ ತಿರುಪು ನಿಲ್ಲುತ್ತದೆ. ಅದು ನಿಲ್ಲುವುದು ಮೈನಸ್ ಹದಿನೈದು ಡಿಗ್ರಿಯ ರಾತ್ರಿಯೇ ಎಂದು ಬಳಸುವವರು ಗೊಣಗಿಕೊಂಡರೆ ತಪ್ಪಿಲ್ಲ. ಕಲ್ಲು, ಮೊಳೆ, ಮಣ್ಣು ಬರಬಾರದು. ಬೆಂಕಿ ತಿರುಪಿನ ಹಾದಿ ಹಿಡಿದು ಹಿಂದಕ್ಕೆ ಉಗ್ರಾಣಕ್ಕೆ ಹೋಗದಂತೆ ನಡುವೆ ಹಾದಿ ಮುಚ್ಚುವ ಗಾಲಿಯೂ ನೀರು ಚಿಮ್ಮುವ ವ್ಯವಸ್ಥೆಯೂ ಇರಬೇಕು. ಇಷ್ಟೆಲ್ಲ ಸೇರಿ ಚಕ್ಕೆಯ ಬಾಯ್ಲರ್ ತೈಲದ್ದಕ್ಕಿಂತ ಬಹಳ ದುಬಾರಿ. ಹಾಗಾಗಿ ಒಂಟಿ ಸಣ್ಣ ಮನೆಗೆ ಇದು ಹೊಂದುವುದಿಲ್ಲ. ಅಂಥವರು ಗರಗಸದ ಹೊಟ್ಟನ್ನು ಒತ್ತಿ ಮಾಡಿದ ಪೆಲೆಟ್ ಕೊಳ್ಳುತ್ತಾರೆ. ಚಕ್ಕೆ ಹೊಂದುವುದು ದೊಡ್ಡ ತೋಟದ ಮನೆಗೆ, ಶಾಲೆಗೆ, ಮಠಕ್ಕೆ, ಇಲ್ಲವೇ ಇಡೀ ಊರಿಗೆ.

ಇಡೀ ಊರಿಗೆ ಎಂಬುದು ಅಲಂಕಾರದ ಮಾತಲ್ಲ. ಊರಂಚಿನ ಒಂದೇ ಬಾಯ್ಲರ್ ಮನೆಯಿಂದ ರಸ್ತೆಯಡಿ ಹೂತ ಕೊಳವೆಗಳಲ್ಲಿ ಬಿಸಿನೀರು ಹರಿಸಿ ಚರ್ಚು, ಪಂಚಾಯಿತಿ, ಮನೆಮಠಗಳನ್ನು ಬೆಚ್ಚಗಿಡುವ ಸಣ್ಣ ಸ್ಥಾವರಗಳು ಆಸ್ಟ್ರಿಯಾದಲ್ಲಿ 2,000ಕ್ಕೂ ಹೆಚ್ಚಿವೆ. ಎಷ್ಟೋ ಕಡೆ ಅವುಗಳ ಒಡೆಯರು ರೈತರ ಸಹಕಾರ ಸಂಘಗಳು. ನಮ್ಮ ಹಾಲಿನ ಡೈರಿಗೆ ಬೆಳಗ್ಗೆ ಕ್ಯಾನು ಬರುವಂತೆ ಅಲ್ಲಿಗೆ ಸದಸ್ಯರ ಟ್ರ್ಯಾಕ್ಟರುಗಳಲ್ಲಿ ಚಕ್ಕೆ ಬರುತ್ತದೆ. ತೇವ ಅಳೆದು ದುಡ್ಡು ಕೊಡುವುದು ವಾಡಿಕೆ. ತೂಕಕ್ಕೆ ದುಡ್ಡು ಕೊಟ್ಟರೆ ರೈತ ನೀರನ್ನು ಮಾರುತ್ತಾನೆ ಎಂಬುದು ಸಂಘದವರಿಗೆ ಬೇಗ ಅರ್ಥವಾಗುವ ಸಂಗತಿ.

ಇಂಥ ಊರುಗಳಲ್ಲಿ ಹೆಸರು ಮಾಡಿದ್ದು ಹಂಗರಿಯ ಗಡಿಗೆ ಹತ್ತಿರದ ಗ್ಯೂಸ್ಸಿಂಗ್. ನಾಲ್ಕು ಸಾವಿರ ಜನರ ಪುಟ್ಟ ಪಟ್ಟಣ. ಶೀತಲ ಸಮರ ಮುಗಿಯುವವರೆಗೂ ಉಕ್ಕಿನ ಪರದೆಯ ಪಕ್ಕದಲ್ಲಿ ಮೂಲೆಗುಂಪಾಗಿತ್ತು. ರೈಲಿಲ್ಲ, ಹೆದ್ದಾರಿಯಿಲ್ಲ, ದುಡಿಯುವವರು ಸೋಮವಾರ ವಿಯೆನ್ನಾಕ್ಕೆ ಹೋಗಿ ಶುಕ್ರವಾರ ಮನೆಗೆ ಬರುತ್ತಿದ್ದರು. ಊರಿನ ದುಡ್ಡು ತೈಲಕ್ಕೂ ಕರೆಂಟಿಗೂ ಹೊರಗೆ ಹರಿಯುತ್ತಿತ್ತು, ಸುತ್ತಲಿನ ಕಾಡಿನಲ್ಲಿ ಮರ ಕೊಳೆಯುತ್ತಿತ್ತು. 1990ರಲ್ಲಿ ಪಟ್ಟಣ ಸಭೆ ತೈಲ, ಕಲ್ಲಿದ್ದಲು, ಅನಿಲವನ್ನು ಬಿಡುವ ನಿರ್ಣಯ ಮಾಡಿತು. ಎಂಜಿನಿಯರ್ ರೈನ್‌ಹಾರ್ಡ್ ಕೋಖ್ ಮತ್ತು ಮೇಯರ್ ಪೀಟರ್ ವಾಡಾಸ್ ಇದರ ಹಿಂದೆ ನಿಂತರು. ಮೊದಲು ಮಾಡಿದ್ದು ಸರ್ಕಾರಿ ಕಟ್ಟಡಗಳಲ್ಲಿ ಪೋಲು ನಿಲ್ಲಿಸುವ ಕೆಲಸ, ಸುದ್ದಿಯಾಗದಂಥದ್ದು. 1996ರಲ್ಲಿ ಮರ ಉರಿಸಿ ಊರಿಗೆ ಬಿಸಿನೀರು ಹರಿಸುವ ಜಾಲ ಬಂತು. ಅಗ್ಗದ ಕಾವು ಸಿಗುತ್ತದೆಂದು ಮರದ ನೆಲಹಾಸು ಮಾಡುವ ಕಾರ್ಖಾನೆಗಳು ಬಂದವು. ಅವುಗಳ ಕಸವೇ ಬಾಯ್ಲರಿಗೆ ಊಟವಾಯಿತು.

2001ರಲ್ಲಿ ಬಂದದ್ದು ಇನ್ನೂ ದೊಡ್ಡ ಹೆಜ್ಜೆ. ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯದ ಹರ್ಮನ್ ಹೋಫ್‌ಬಾವರ್ ರೂಪಿಸಿದ ಅನಿಲ ಸ್ಥಾವರ: ಸುಮಾರು 850 ಡಿಗ್ರಿಗೆ ಕಾದ ಮರಳು ಎರಡು ಕೋಣೆಗಳ ನಡುವೆ ಸುತ್ತುತ್ತಿರುತ್ತದೆ, ಒಂದರಲ್ಲಿ ಹಬೆ ಹಾಯಿಸಿ ಚಕ್ಕೆಯನ್ನು ಅನಿಲ ಮಾಡುತ್ತಾರೆ, ಇನ್ನೊಂದರಲ್ಲಿ ಉಳಿದ ಇದ್ದಿಲನ್ನು ಉರಿಸಿ ಮರಳನ್ನು ಮತ್ತೆ ಕಾಯಿಸುತ್ತಾರೆ. ಅನಿಲದಿಂದ ಎಂಜಿನ್ ಓಡಿ 2 ಮೆಗಾವಾಟ್ ವಿದ್ಯುತ್ತು, ಜೊತೆಗೆ 4.5 ಮೆಗಾವಾಟ್ ಕಾವು. ಜಗತ್ತಿನ ಮೂಲೆಮೂಲೆಯಿಂದ ಜನ ನೋಡಲು ಬಂದರು. ಕ್ಯಾಲಿಫೋರ್ನಿಯಾದ ಮಾಜಿ ಗವರ್ನರ್ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಕೂಡ ಬಂದು ಹೊಗಳಿದರು.

ಹೊಗಳುವ ಲೇಖನಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಮುಂದಿನ ಕತೆ ಇಷ್ಟು: ಮರಕ್ಕೆ ಬೇಡಿಕೆ ಏರಿ ಚಕ್ಕೆಯ ಬೆಲೆಯೂ ಏರಿತು. ವಿದ್ಯುತ್ತಿಗೆ ಸರ್ಕಾರ ಗೊತ್ತುಮಾಡಿದ್ದ ಹೆಚ್ಚಿನ ದರದ ಅವಧಿ ಮುಗಿಯಿತು. ಸ್ಥಾವರ ದಿವಾಳಿಯ ಹಂತ ಕಂಡು 2016ರಲ್ಲಿ ನಿಂತಿತು. ಇದೇ ತಂತ್ರದ ಮೇಲೆ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಕಟ್ಟಿದ ದೊಡ್ಡ ಘಟಕವೂ 2018ರಲ್ಲಿ ಕೆಲಸ ನಿಲ್ಲಿಸಿತು. ಚಕ್ಕೆಯಿಂದ ಕಾವು ತೆಗೆಯುವುದು ಸುಲಭ, ವಿದ್ಯುತ್ತು ತೆಗೆಯುವುದು ಕಷ್ಟ. ಅನಿಲದೊಳಗಿನ ಟಾರು ಎಂಜಿನ್ನಿಗೆ ಅಂಟುತ್ತದೆ. ಟಾರನ್ನು ತೊಳೆಯುವ ಯಂತ್ರಕ್ಕೆ ಹಣ ಬೇಕು, ಕಣ್ಣಿಟ್ಟು ಕಾಯುವ ಕುಶಲ ಕೈ ಬೇಕು.

ದೂರದಿಂದ ಚಕ್ಕೆ ತರಿಸಿಯೂ ಗೆದ್ದವರಿಲ್ಲವೇ ಎಂದರೆ ಸ್ಟಾಕ್‌ಹೋಮ್ ಇದೆ. ಅಲ್ಲಿನ ವಾರ್ಟಾ ಬಂದರಿನಲ್ಲಿ 2016ರಲ್ಲಿ ಶುರುವಾದ ಘಟಕ 280 ಮೆಗಾವಾಟ್ ಕಾವನ್ನು ನಗರದ ಕೊಳವೆಗಳಿಗೆ ಕೊಡಬಲ್ಲದು. ಚಕ್ಕೆ ಹಡಗಿನಲ್ಲೂ ರೈಲಿನಲ್ಲೂ ಬರುತ್ತದೆ. ನೀರಿನ ಮೇಲೆ ಸಾಗಣೆ ಅಗ್ಗ, ನಗರ ಒತ್ತಾಗಿದೆ, 1991ರಿಂದಲೇ ಇಂಗಾಲದ ಮೇಲೆ ತೆರಿಗೆ ಇದೆ. ಇಷ್ಟೂ ಒಟ್ಟಿಗೆ ಕೂಡಿಬಂದರೆ ದೂರವೂ ನಡೆಯುತ್ತದೆ. ಆದರೆ ದೂರಕ್ಕೆ ಅದರದ್ದೇ ಅಪಾಯ. ಫಿನ್ಲೆಂಡಿನ ಸ್ಥಾವರಗಳು ಗಡಿಯಾಚೆಯ ರಷ್ಯಾದಿಂದ ಬರುವ ಚಕ್ಕೆಯನ್ನು ನೆಚ್ಚಿಕೊಂಡಿದ್ದವು. 2022ರಲ್ಲಿ ಉಕ್ರೇನ್ ಯುದ್ಧದಿಂದಾಗಿ ಅದು ನಿಂತುಹೋಗಿ ದೇಶದ ಒಳಗೇ ಮರಕ್ಕೆ ಪೈಪೋಟಿ ಶುರುವಾಯಿತು.

ಇನ್ನು ಉತ್ತರ ಐರ್ಲೆಂಡ್. ಮರದ ಇಂಧನಕ್ಕೆ ಸರ್ಕಾರಿ ದುಡ್ಡು ಸೇರಿದರೆ ಏನಾದೀತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಕ್ಕದು. ತೈಲ ಬಿಟ್ಟು ಪೆಲೆಟ್, ಚಕ್ಕೆ ಉರಿಸುವ ಉದ್ಯಮಗಳಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಅಲ್ಲಿ 2012ರಲ್ಲಿ ಬಂತು. ಪ್ರತಿ ಯೂನಿಟ್ ಕಾವಿಗೆ ಇಷ್ಟು ಎಂದು ದುಡ್ಡು. ಹೆಚ್ಚು ಉರಿಸಿದರೆ ದರ ಇಳಿಯಬೇಕೆಂಬ ಮಿತಿ ಇಂಗ್ಲೆಂಡಿನಲ್ಲಿತ್ತು, ಇಲ್ಲಿ ಅದನ್ನು ಕೈಬಿಟ್ಟಿದ್ದರು. ಪ್ರೋತ್ಸಾಹಧನ ಇಂಧನದ ಬೆಲೆಗಿಂತ ಹೆಚ್ಚಾಯಿತು. ಒಂದು ಪೌಂಡಿನ ಮರ ಉರಿಸಿದರೆ ಒಂದು ಪೌಂಡ್ ಅರವತ್ತು ಪೆನ್ಸ್ ಬರುತ್ತದೆ ಎಂಬ ಲೆಕ್ಕ ಊರೆಲ್ಲ ಹರಡಿತು. ಖಾಲಿ ಶೆಡ್ಡುಗಳನ್ನು ಹಗಲಿರುಳು ಬೆಚ್ಚಗಿಡುತ್ತಿದ್ದಾರೆ ಎಂಬ ದೂರುಗಳು ಬಂದವು. ಉರಿಸಿದಷ್ಟೂ ಲಾಭ ಎಂದಮೇಲೆ ಯಾರು ಬಿಟ್ಟಾರು? ಯೋಜನೆ ತಂದ ಇಲಾಖೆಯ ಅಂದಿನ ಸಚಿವೆ ಆರ್ಲೀನ್ ಫಾಸ್ಟರ್ ಆ ಹೊತ್ತಿಗೆ ಮೊದಲ ಮಂತ್ರಿಯಾಗಿದ್ದರು. ಈ ಹಗರಣವನ್ನು ಪ್ರತಿಭಟಿಸಿ 2017ರ ಜನವರಿಯಲ್ಲಿ ಉಪ ಮೊದಲ ಮಂತ್ರಿ ಮಾರ್ಟಿನ್ ಮೆಕ್‌ಗಿನ್ನೆಸ್ ರಾಜೀನಾಮೆ ಎಸೆದರು, ಸರ್ಕಾರ ಬಿತ್ತು. ಮತ್ತೆ ಸರ್ಕಾರ ಕೂತದ್ದು 2020ರ ಜನವರಿಯಲ್ಲಿ. ನಿವೃತ್ತ ನ್ಯಾಯಾಧೀಶ ಪ್ಯಾಟ್ರಿಕ್ ಕಾಗ್ಲಿನ್ ಅವರ ವಿಚಾರಣಾ ವರದಿ ಆ ಮಾರ್ಚಿನಲ್ಲಿ ಬಂತು: ಮೂಲ ಕಾರಣ ಭ್ರಷ್ಟಾಚಾರವಲ್ಲ, ಮೇಲಿಂದ ಕೆಳಗಿನವರೆಗಿನ ಅಸಮರ್ಥತೆ. ಸೌದೆ ಒಲೆ ಒಂದು ಸರ್ಕಾರವನ್ನು ಸುಟ್ಟದ್ದು ಬಹುಶಃ ಇದೊಂದೇ.

ಈಗ ಇಂಗಾಲದ ತಕರಾರಿಗೆ ಬರೋಣ. ಮರ ಬೆಳೆಯುವಾಗ ಹೀರಿದ ಇಂಗಾಲವೇ ಉರಿದಾಗ ಹೊರಬರುತ್ತದೆ, ಆದ್ದರಿಂದ ಲೆಕ್ಕ ಚುಕ್ತಾ ಎಂಬುದು ಮಾರುವವರ ವಾದ. ಚಿಮಣಿಯ ಬಾಯಲ್ಲಿ ಅಳೆದರೆ ಬೇರೆಯದೇ ಕಾಣುತ್ತದೆ. ಒಂದು ಯೂನಿಟ್ ಕಾವಿಗೆ ಮರ ಹೊರಬಿಡುವ ಇಂಗಾಲದ ಡೈ ಆಕ್ಸೈಡ್ ಸುಮಾರು 400 ಗ್ರಾಂ, ಕಲ್ಲಿದ್ದಲು 340, ನೈಸರ್ಗಿಕ ಅನಿಲ 200. ಅಂತರರಾಷ್ಟ್ರೀಯ ಲೆಕ್ಕಪತ್ರದಲ್ಲಿ ಮರದ ಹೊಗೆಯನ್ನು ಇಂಧನದ ಖಾತೆಯಲ್ಲಿ ಸೊನ್ನೆ ಎಂದು ಬರೆದು, ಮರ ಕಡಿದ ದೇಶದ ಭೂಬಳಕೆಯ ಖಾತೆಯಲ್ಲಿ ತೋರಿಸುತ್ತಾರೆ. ಹೀಗಾಗಿ ಒಂದು ದೇಶದ ಕಾಡು ಕಡಿದು ಇನ್ನೊಂದು ದೇಶದಲ್ಲಿ ಉರಿಸಿದರೆ, ಉರಿಸಿದವನ ಪುಸ್ತಕ ಸ್ವಚ್ಛ. ಟಿಮ್ ಸರ್ಚಿಂಗರ್ ಮತ್ತು ಸಂಗಡಿಗರು 2009ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಈ ಲೋಪವನ್ನು ಎತ್ತಿ ತೋರಿಸಿದ್ದರು.

ನನಗೆ ಕಾಣುವಂತೆ ಉತ್ತರ ಇರುವುದು ಯಾವ ಮರ ಎಂಬುದರಲ್ಲಿ. ಕಾಡಿನಲ್ಲೇ ಬಿಟ್ಟಿದ್ದರೆ ಕೆಲವು ವರ್ಷಗಳಲ್ಲಿ ಕೊಳೆತು ಅದೇ ಇಂಗಾಲವನ್ನು ಬಿಡುತ್ತಿದ್ದ ಕೊಂಬೆಯನ್ನು ಉರಿಸಿ ತೈಲ ಉಳಿಸಿದರೆ ಲಾಭ ಬೇಗ ಕೈಗೆ ಸಿಗುತ್ತದೆ. ಇನ್ನೂ ಐವತ್ತು ವರ್ಷ ನಿಲ್ಲುತ್ತಿದ್ದ ಕಾಂಡವನ್ನು ಚಿಪ್ಪರಿಗೆ ಕೊಟ್ಟರೆ ಸಾಲ ತೀರುವುದು ಮೊಮ್ಮಕ್ಕಳ ಕಾಲಕ್ಕೆ. ಐರೋಪ್ಯ ಒಕ್ಕೂಟವೂ ತಡವಾಗಿ ಈ ದಾರಿಗೆ ಬಂದಿದೆ: 2023ರಲ್ಲಿ ತಿದ್ದಿದ ನಿಯಮದಂತೆ ಸಾಮಿಲ್ಲಿಗೆ ಹೋಗಬಹುದಾದ ದಿಮ್ಮಿ, ಬೊಡ್ಡೆ, ಬೇರುಗಳನ್ನು ಉರಿಸಿ ಇಂಧನ ಮಾಡುವುದಕ್ಕೆ ನೇರ ಹಣಸಹಾಯ ಕೊಡುವಂತಿಲ್ಲ.

ಕರ್ನಾಟಕದಲ್ಲಿ ಮನೆ ಕಾಯಿಸುವ ಅಗತ್ಯ ಯಾರಿಗೂ ಇಲ್ಲ. ಆದರೆ ಚಕ್ಕೆಯಿಂದ ಊರಿಗೆ ವಿದ್ಯುತ್ತು ಕೊಡುವ ಪ್ರಯೋಗ ಗ್ಯೂಸ್ಸಿಂಗ್‌ಗಿಂತ ಮೊದಲೇ ನಮ್ಮಲ್ಲಿ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದವರು 1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 3.7 ಕಿಲೊವಾಟಿನ ಗ್ಯಾಸಿಫೈಯರ್ ಕೂರಿಸಿದರು. ಐವತ್ತು ಮನೆಯೂ ಇಲ್ಲದ ಹಳ್ಳಿ. ಊರ ಪಕ್ಕದಲ್ಲೇ ಸೌದೆಗೆಂದು ಬೆಳೆಸಿದ ತೋಪು. ಅದರ ಮರವನ್ನು ತುಂಡು ಮಾಡಿ, ಅನಿಲ ತೆಗೆದು, ಡೀಸೆಲ್ ಎಂಜಿನ್ನಿಗೆ ಬೆರೆಸಿ ಓಡಿಸಿ ಮನೆಗಳಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ನಡೆಸಿದರು. ಮುಂದೆ ಘಟಕ 20 ಕಿಲೊವಾಟಿಗೆ ಬೆಳೆಯಿತು. ಅದೇ ತುಮಕೂರು ಜಿಲ್ಲೆಯ ಕಬ್ಬಿಗೆರೆಯಲ್ಲಿ ಆಮೇಲೆ 500 ಕಿಲೊವಾಟಿನ ಘಟಕವನ್ನು ವಿದ್ಯುತ್ ಜಾಲಕ್ಕೇ ಜೋಡಿಸಿದರು. ಗ್ಯಾಸಿಫೈಯರಿನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಹೆಚ್ಚೂಕಡಿಮೆ ಒಂದೂಕಾಲು ಕೆ.ಜಿ. ಒಣ ಸೌದೆ ಬೇಕು. ದಿನಾ ಅಷ್ಟನ್ನು ಕಡಿದು, ಒಣಗಿಸಿ, ಅಳತೆಗೆ ತುಂಡರಿಸಿ ತಂದುಕೊಡುವವರು ಯಾರು ಎಂಬ ಪ್ರಶ್ನೆ ಯಂತ್ರದ ಪ್ರಶ್ನೆಗಿಂತ ಯಾವಾಗಲೂ ದೊಡ್ಡದು.

ಇಂದು ಕರೆಂಟು ಹಳ್ಳಿಹಳ್ಳಿಗೂ ಹೋಗಿದೆ, ಬಿಸಿಲಿನ ವಿದ್ಯುತ್ತು ಅಗ್ಗವಾಗಿದೆ. ಚಕ್ಕೆಯಿಂದ ಬಲ್ಬು ಉರಿಸುವ ಕಾಲ ಮುಗಿಯಿತೆಂದೇ ಹೇಳಬೇಕು. ಆದರೆ ಕಾವಿನ ಅಗತ್ಯ ಮುಗಿದಿಲ್ಲ. ಮಲೆನಾಡಿನಲ್ಲಿ ಅಡಿಕೆ ಬೇಯಿಸುವ ಹಂಡೆಗಳು, ಏಲಕ್ಕಿ ಒಣಗಿಸುವ ಗೂಡುಗಳು, ಶಿಡ್ಲಘಟ್ಟ–ರಾಮನಗರದ ರೇಷ್ಮೆ ಬಿಚ್ಚುವ ಬಾಣಲೆಗಳು, ಹಾಸ್ಟೆಲಿನ ಸ್ನಾನದ ನೀರು, ಎಲ್ಲಕ್ಕೂ ಬೇಕಾದದ್ದು ನೂರು ಡಿಗ್ರಿಯ ಒಳಗಿನ ಇಲ್ಲವೇ ಅದರ ಆಸುಪಾಸಿನ ಕಾವು, ಚಕ್ಕೆ ಚೆನ್ನಾಗಿ ಕೊಡಬಲ್ಲ ಕಾವು. ಕಾಫಿ ತೋಟದಲ್ಲಿ ಪ್ರತಿವರ್ಷ ನೆರಳು ಬಿಡಿಸುವಾಗ ಬೀಳುವ ಸಿಲ್ವರ್ ಓಕ್ ರೆಂಬೆ, ಬಯಲುಸೀಮೆಯ ಕೆರೆಯಂಗಳ ನುಂಗಿರುವ ಬಳ್ಳಾರಿ ಜಾಲಿ ಅಲ್ಲಲ್ಲೇ ಇವೆ. ಆಲೆಮನೆಯವರು ಕಬ್ಬಿನ ಸಿಪ್ಪೆಯನ್ನು ಅಂಗಳದಲ್ಲಿ ಒಣಗಿಸಿ ಅದರಲ್ಲೇ ಬೆಲ್ಲ ಕಾಯಿಸುತ್ತಾರಲ್ಲ, ಸೂತ್ರ ಅದೇ.

ಕೃಷಿ ಮತ್ತು ತೋಟಗಾರಿಕೆ ಇಲಾಖೆಯವರಲ್ಲಿ ಒಂದು ಬಿನ್ನಹ. ಚಕ್ಕೆಯ ಕಾವಿಗೆಂದು ಯೋಜನೆ ಮುಂದೆಂದಾದರೂ ಮಾಡುವುದಾದರೆ ಸಹಾಯಧನವನ್ನು ಯಂತ್ರಕ್ಕೂ ಯೂನಿಟ್ಟಿಗೂ ಕೊಡಬೇಡಿ. ಮಳೆಗಾಲಕ್ಕೆ ಮೊದಲು ಸೌದೆ ಸೇರಿಸಿಡುವ ಸೂರಿಗೆ, ಹೋಬಳಿಗೊಂದು ಬಾಡಿಗೆ ಚಿಪ್ಪರಿಗೆ, ತೇವ ಅಳೆಯುವ ಮೀಟರಿಗೆ ಕೊಡಿ. ಒಣಗಿದ ಚಕ್ಕೆ ಊರಲ್ಲಿ ಸಿಗುವಂತಾದರೆ ಅದನ್ನು ಉರಿಸುವ ಬಾಯ್ಲರನ್ನು ರೈತರು ತಾವೇ ಹುಡುಕಿಕೊಳ್ಳುತ್ತಾರೆ.